ದುಡಿಯುವ ಮನೆಯ ರಾತ್ರಿಯೂಟ: ವಾರದ ಯೋಜನೆಯೊಂದರ ವಿಚಾರ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಜೋಡಿಸಿದ್ದರಲ್ಲಿ ಅರ್ಥವಿದೆ. ಇವೆರಡನ್ನೂ ಮನುಷ್ಯನು ಕಲಿಯುವುದು ಒಂದೇ ಸ್ಥಳದಲ್ಲಿ, ಮನೆಯವರೆಲ್ಲ ಕೂಡಿ ಕುಳಿತ ಪಂಕ್ತಿಯಲ್ಲಿ. ಊರಿನಲ್ಲಿದ್ದಾಗ ಈ ಪಂಕ್ತಿಗೆ ಯೋಜನೆಯ ಅಗತ್ಯವಿರಲಿಲ್ಲ. ಹೊತ್ತು ಮುಳುಗಿದರೆ ಹೊಲದಿಂದಲೋ ಅಂಗಡಿಯಿಂದಲೋ ಎಲ್ಲರೂ ಮನೆ ಸೇರುತ್ತಿದ್ದರು, ಹಿತ್ತಿಲಿನ ಸೊಪ್ಪು ಸಾರಾಗುತ್ತಿತ್ತು. ಮಹಾನಗರದ ಜೀವನದಲ್ಲಿ ಆ ಅನುಕೂಲವಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಬೆಳಗಿನ ಉಪಾಹಾರ ನಿಂತುಕೊಂಡೇ ಮುಗಿಯುತ್ತದೆ, ಮಧ್ಯಾಹ್ನದ ಊಟ ಡಬ್ಬಿಯ ಪಾಲಾಗುತ್ತದೆ. ಕೂಡಿ ಉಣ್ಣಲು ಉಳಿಯುವುದು ರಾತ್ರಿಯ ಒಂದೇ ಊಟ. ಅದೂ ತಪ್ಪಿದರೆ ಕುಟುಂಬದ ಆರೋಗ್ಯಕ್ಕೂ ಮಕ್ಕಳ ಕಿವಿಗೆ ಬೀಳುವ ಕನ್ನಡಕ್ಕೂ ಏಕಕಾಲದಲ್ಲಿ ಹಾನಿಯಾಗುವುದರಲ್ಲಿ ಸಂದೇಹವಿಲ್ಲ.

ಉದಾಹರಣೆಗಾಗಿ ಡೊಂಬಿವಲಿಯಲ್ಲಿ ವಾಸಿಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಪತಿಗೆ ಕೋಟೆ ವಿಭಾಗದಲ್ಲಿ ಕಚೇರಿ, ಪತ್ನಿಗೆ ಘಾಟ್‌ಕೋಪರಿನಲ್ಲಿ ಉದ್ಯೋಗ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮಧುಮೇಹವಿರುವ ವೃದ್ಧ ತಾಯಿ. ದಂಪತಿಗಳು ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಪಾರಾಗಿ ಮನೆ ಮುಟ್ಟುವ ವೇಳೆಗೆ ಏಳೂಮುಕ್ಕಾಲು ಗಂಟೆ. ಆಗ ಏಳುವ ಪ್ರಶ್ನೆ ಒಂದೇ: 'ಇಂದು ಏನು ಮಾಡುವುದು?' ಅಡುಗೆಗೆ ಬೇಕಾದ ಕಾಲ ಹೆಚ್ಚಿಲ್ಲ; ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಅರ್ಧ ತಾಸು ಕಳೆದುಹೋಗುತ್ತದೆ. ಬೇಳೆ ಬೇಯಿಸಿಲ್ಲ, ಕಾಳು ನೆನೆಸಿಲ್ಲ, ತಂದ ಸೊಪ್ಪು ಬಾಡಿಹೋಗಿದೆ. ಕೊನೆಗೆ ಹೊರಗಿನಿಂದ ಎಣ್ಣೆಯ ಪದಾರ್ಥವೊಂದು ಬರುತ್ತದೆ. ಮಕ್ಕಳು ಒಂದು ಮೂಲೆಯಲ್ಲಿ, ಹಿರಿಯರು ಇನ್ನೊಂದು ಮೂಲೆಯಲ್ಲಿ ಉಂಡು ಏಳುತ್ತಾರೆ. ಈ ದೋಷಕ್ಕೆ ಗೃಹಿಣಿಯ ಸೋಮಾರಿತನ ಕಾರಣವಲ್ಲ, ಯೋಜನೆಯ ಅಭಾವವೇ ಕಾರಣ.

ಎಷ್ಟು, ಯಾವುದು ಬೇಕು?

ಯೋಜನೆಗೆ ಮೊದಲು ಅಳತೆ ತಿಳಿದಿರಬೇಕು. ಭಾರತೀಯರ ಆಹಾರದ ಅಳತೆಗಳನ್ನು ನಿರ್ಧರಿಸುವ ರಾಷ್ಟ್ರೀಯ ಪೋಷಣ ಸಂಸ್ಥೆಯು ದಕ್ಷಿಣದ ನೆಲದಲ್ಲಿಯೇ ಬೆಳೆದುಬಂದುದು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ನರು ಬೆರಿಬೆರಿ ರೋಗದ ಅನ್ವೇಷಣೆಗಾಗಿ ಸಣ್ಣದೊಂದು ಘಟಕವನ್ನು ಆರಂಭಿಸಿದರು. ಅದು ವಿಸ್ತಾರಗೊಂಡು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಈ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ 17 ಸೂತ್ರಗಳ ಮಾರ್ಗದರ್ಶಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆ ತುಪ್ಪ ಸೇರಿ 27 ಗ್ರಾಂ, ಬೀಜಗಳು 35 ಗ್ರಾಂ ಸಾಕು. ಧಾನ್ಯ ಮತ್ತು ಕಾಳುಗಳ ತೂಕವನ್ನು ಬೇಯಿಸುವ ಮೊದಲಿನದೆಂದು ತಿಳಿಯಬೇಕು.

ಈ ಅಂಕಿಗಳಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ತರಕಾರಿಯ ತೂಕವು ಧಾನ್ಯದ ತೂಕಕ್ಕಿಂತ ಹೆಚ್ಚು. ಸಾಮಾನ್ಯ ಕನ್ನಡ ಮನೆಯ ತಟ್ಟೆಯಲ್ಲಿ ಅನ್ನದ ಗುಡ್ಡವೂ ಪಲ್ಯದ ಚಿಟಿಕೆಯೂ ಇರುವುದು ವಾಡಿಕೆ. ಈ ಪ್ರಮಾಣವನ್ನು ತಿರುಗಿಸುವುದೇ ವಾರದ ಯೋಜನೆಯ ಮೊದಲ ಗುರಿಯಾಗಬೇಕು. ತರಕಾರಿಯ ಅರ್ಧಭಾಗ ರಾತ್ರಿಯೂಟಕ್ಕೆಂದು ಎಣಿಸಿದರೆ ಒಬ್ಬರಿಗೆ 200 ಗ್ರಾಂ, ಐವರ ಮನೆಗೆ ದಿನಕ್ಕೆ ಒಂದು ಕಿಲೋ, ವಾರಕ್ಕೆ ಏಳು ಕಿಲೋ. ಮಕ್ಕಳ ಪಾಲು ಸ್ವಲ್ಪ ಕಡಿಮೆಯೆಂದು ಹಿಡಿದರೂ ಆರು ಕಿಲೋ ಬೇಕೇ ಬೇಕು. ಭಾನುವಾರದ ಚೀಲವನ್ನು ತೂಗಿ ನೋಡಿದರೆ ಮನೆಯ ಊಟದ ನಿಜಸ್ಥಿತಿ ತಿಳಿಯುತ್ತದೆ.

ಎಣ್ಣೆ ಉಪ್ಪುಗಳ ವಿಷಯದಲ್ಲಿಯೂ ಡಬ್ಬಿಯೇ ಲೆಕ್ಕ ಹೇಳುತ್ತದೆ. ದಿನಕ್ಕೆ 27 ಗ್ರಾಂನಂತೆ ಐವರಿಗೆ ತಿಂಗಳಿಗೆ ಸುಮಾರು ನಾಲ್ಕು ಕಿಲೋ, ಅಂದರೆ ನಾಲ್ಕೂವರೆ ಲೀಟರಿನೊಳಗೆ ಎಣ್ಣೆ ಮತ್ತು ತುಪ್ಪ ಮುಗಿಯಬೇಕು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐವರಿಗೆ ತಿಂಗಳಿಗೆ 750 ಗ್ರಾಂ ಆಯಿತು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರದ ತಿಂಡಿಗಳ ಉಪ್ಪೂ ಇದರಲ್ಲಿಯೇ ಅಡಗಬೇಕು. ಒಂದು ಕಿಲೋ ಉಪ್ಪಿನ ಪೊಟ್ಟಣ ಇಂಥ ಮನೆಯಲ್ಲಿ ತಿಂಗಳಿಗೆ ಮೊದಲೇ ಖಾಲಿಯಾಗುತ್ತಿದ್ದರೆ, ಹಿರಿಯರ ರಕ್ತದೊತ್ತಡದ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಯೋಜನೆಯ ಮೂರು ಸೂತ್ರಗಳು

ಮೊದಲನೆಯದು, ಅಡುಗೆಯನ್ನು ನಿರ್ಧರಿಸುವ ಮುನ್ನ ಮನೆಯವರ ವೇಳೆಯನ್ನು ನಿರ್ಧರಿಸುವುದು. ವಾರದಲ್ಲಿ ಯಾರು ಯಾವ ದಿನ ತಡವಾಗಿ ಬರುತ್ತಾರೆ, ಮಕ್ಕಳ ಪಾಠ ಯಾವ ಸಂಜೆ, ಸಂಘದ ಸಭೆ ಎಂದು, ಇವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ತಡವಾಗುವ ದಿನಗಳಿಗೆ ಒಂದೇ ಪಾತ್ರೆಯ ಅಡುಗೆಯನ್ನು ಮೀಸಲಿಡಬೇಕು. ವಿರಾಮವಿರುವ ದಿನ ಮಾತ್ರ ರೊಟ್ಟಿ ತಟ್ಟುವಂತಹ ಕೆಲಸ ಹಿಡಿಯಬೇಕು.

ಎರಡನೆಯದು, ಪ್ರತಿ ದಿನಕ್ಕೂ ಪದಾರ್ಥದ ಹೆಸರಿನ ಬದಲು ಅದರ ಜಾತಿಯನ್ನು ಗೊತ್ತುಪಡಿಸುವುದು. 'ಸೋಮವಾರ ಪಾಲಕಿನ ಹುಳಿ' ಎಂದು ಬರೆದರೆ ಪಾಲಕು ಸಿಗದ ದಿನ ಯೋಜನೆಯೇ ಮುರಿಯುತ್ತದೆ. 'ಸೋಮವಾರ ಸೊಪ್ಪಿನ ಹುಳಿ' ಎಂದು ಬರೆದರೆ ಪೇಟೆಯಲ್ಲಿ ಸಿಕ್ಕ ಸೊಪ್ಪು ಅದರಲ್ಲಿ ಸೇರುತ್ತದೆ. ಇದರಿಂದ ವಾರ ವಾರವೂ ಹೊಸ ಪಟ್ಟಿ ಬರೆಯುವ ಶ್ರಮ ತಪ್ಪುತ್ತದೆ, ರುಚಿಯ ವೈವಿಧ್ಯವೂ ಉಳಿಯುತ್ತದೆ.

ಮೂರನೆಯದು, ತರಕಾರಿಯನ್ನು ಬಾಡುವ ಕ್ರಮದಲ್ಲಿ ಬೇಯಿಸುವುದು. ಭಾನುವಾರ ತಂದ ಚೀಲದಲ್ಲಿ ಮೊದಲು ಕೆಡುವವು ಸೊಪ್ಪುಗಳು. ಅವು ಸೋಮ, ಮಂಗಳವಾರಗಳಂದೇ ಮುಗಿಯಬೇಕು. ಹೀರೆ, ಪಡವಲ, ಹುರುಳಿಕಾಯಿ, ತೊಂಡೆಗಳು ವಾರದ ಮಧ್ಯಕ್ಕೆ. ಕ್ಯಾರೆಟ್, ಬೀಟ್‌ರೂಟ್, ಕುಂಬಳ, ಸುವರ್ಣಗಡ್ಡೆಗಳು ಕೊನೆಯ ದಿನಗಳಿಗೆ. ಈ ಒಂದು ನಿಯಮದಿಂದಲೇ ಕಸದ ಬುಟ್ಟಿಗೆ ಹೋಗುವ ಹಣ ಉಳಿಯುತ್ತದೆ.

ಭಾನುವಾರದ ಎರಡು ತಾಸು

ವಾರದ ಭಾರವನ್ನು ಭಾನುವಾರದ ಎರಡು ತಾಸುಗಳು ಹೊರಬಲ್ಲವು. ಶನಿವಾರ ರಾತ್ರಿ ಮಡಕೆಕಾಳು ಅಥವಾ ಹೆಸರುಕಾಳನ್ನು ನೆನೆಸಿ, ಭಾನುವಾರ ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಬೇಕು. ಸೋಮವಾರ ಬೆಳಗಿಗೆ ಮೊಳಕೆ ಕಾಣಿಸುತ್ತದೆ. ಆಗ ಅದನ್ನು ಶೀತಕಪಾಟಿನಲ್ಲಿಟ್ಟು ಮಂಗಳವಾರ ರಾತ್ರಿ ಚೆನ್ನಾಗಿ ಬೇಯಿಸಿ ಬಳಸಬಹುದು. ಭಾನುವಾರ ಸಂಜೆ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಿ, ಬೇಗನೆ ಆರಿಸಿ, ಮುಚ್ಚಿದ ಪಾತ್ರೆಯಲ್ಲಿ ಶೀತಕಪಾಟಿನಲ್ಲಿಟ್ಟರೆ ಸೋಮವಾರದ ಹುಳಿ ಇಪ್ಪತ್ತು ನಿಮಿಷದ ಕೆಲಸ. ತೆಂಗಿನಕಾಯಿಯನ್ನು ತುರಿದು ಸಣ್ಣ ಸಣ್ಣ ಡಬ್ಬಿಗಳಲ್ಲಿ ಘನೀಕರಿಸುವ ಖಾನೆಯಲ್ಲಿಟ್ಟರೆ ದಿನಕ್ಕೊಂದು ಡಬ್ಬಿ ತೆಗೆದುಕೊಳ್ಳಬಹುದು. ಸೊಪ್ಪನ್ನು ಬಿಡಿಸಿ ಒಣ ಬಟ್ಟೆಯಲ್ಲಿ ಸುತ್ತಿಡಬೇಕು. ಹೆಚ್ಚುವುದನ್ನೂ ತೊಳೆಯುವುದನ್ನೂ ಬೇಯಿಸುವ ದಿನಕ್ಕೇ ಬಿಡುವುದು ಲೇಸು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ತ್ವಗಳು ಸೋರಿಹೋಗುತ್ತವೆ.

ಒಂದು ವಾರದ ಮಾದರಿ

ಬುಧವಾರ ಮತ್ತು ಶುಕ್ರವಾರ ತಡವಾಗುವ ಮನೆಗೆ ಈ ಕೆಳಗಿನ ಮಾದರಿ ಹೊಂದುತ್ತದೆ.

ಸೋಮವಾರ: ಸೊಪ್ಪಿನ ಹುಳಿ, ಅನ್ನ, ಸೌತೆಕಾಯಿ ಕೋಸಂಬರಿ. ಮನೆಗೆ ಬಂದ ಕೂಡಲೆ ಹೆಸರುಬೇಳೆ ನೆನೆಸಿದರೆ ಅರ್ಧ ತಾಸಿನಲ್ಲಿ ಸಿದ್ಧ. ಕೋಸಂಬರಿಗೆ ಹಿಂಡಿದ ನಿಂಬೆಯ ರಸವು ಸೊಪ್ಪಿನಲ್ಲಿರುವ ಕಬ್ಬಿಣಾಂಶವು ಶರೀರಕ್ಕೆ ಹತ್ತುವಂತೆ ನೆರವಾಗುತ್ತದೆ.

ಮಂಗಳವಾರ: ಮೊಳಕೆಕಾಳಿನ ಪಲ್ಯ, ಜೋಳದ ರೊಟ್ಟಿ ಅಥವಾ ಚಪಾತಿ, ಉಳಿದ ಮೆಂತ್ಯದ ಸೊಪ್ಪು, ಮೊಸರು.

ಬುಧವಾರ: ಒಂದೇ ಪಾತ್ರೆಯ ದಿನ. ಕ್ಯಾರೆಟ್, ಹುರುಳಿಕಾಯಿ, ಬಟಾಣಿ ಸೇರಿದ ಬಿಸಿಬೇಳೆ ಅನ್ನ ಅಥವಾ ಹೆಸರುಬೇಳೆಯ ಖಿಚಡಿ, ಜೊತೆಗೆ ಸೌತೆ ಇಲ್ಲವೆ ಟೊಮೇಟೊ ಹಾಕಿದ ಮೊಸರುಬಜ್ಜಿ. ಅಕ್ಕಿಯಷ್ಟೇ ತೂಕದ ಬೇಳೆ, ಎರಡರಷ್ಟು ತರಕಾರಿ ಬಿದ್ದರೆ ಇದು ಪೂರ್ಣ ಊಟವೆನಿಸುತ್ತದೆ.

ಗುರುವಾರ: ರಾಗಿಯ ಮುದ್ದೆ ಅಥವಾ ರೊಟ್ಟಿ, ಅಲಸಂದೆ ಇಲ್ಲವೆ ಹುರುಳಿಕಾಳಿನ ಸಾರು, ಪಡವಲಕಾಯಿ ಪಲ್ಯ. ಬುಧವಾರ ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ನೀರು ಬಸಿದು ಶೀತಕಪಾಟಿನಲ್ಲಿಡುವುದನ್ನು ಮರೆಯಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜಗತ್ತು ಕೊಂಡಾಡಿದ ಧಾನ್ಯ ಕನ್ನಡಿಗರಿಗೆ ಮೊದಲಿನಿಂದಲೂ ಮನೆಯ ಅನ್ನವೇ.

ಶುಕ್ರವಾರ: ಬೂದುಗುಂಬಳದ ಮಜ್ಜಿಗೆಹುಳಿ, ಅನ್ನ, ಕಡಲೆಬೇಳೆ ಹಾಕಿದ ಬೀಟ್‌ರೂಟ್ ಪಲ್ಯ. ತಿನ್ನುವ ಮನೆಗಳಲ್ಲಿ ಬೇಯಿಸಿದ ಮೊಟ್ಟೆ.

ಶನಿವಾರ: ಒಪ್ಪತ್ತು ಆಚರಿಸುವ ಮನೆಗಳಲ್ಲಿ ಫಲಾಹಾರದ ನೆಪದಲ್ಲಿ ಕರಿದ ತಿಂಡಿಗಳೇ ಊಟಕ್ಕಿಂತ ಭಾರವಾಗುವುದುಂಟು. ಬದಲಾಗಿ ತರಕಾರಿ ಸೇರಿಸಿದ ಅವಲಕ್ಕಿ, ಇಡ್ಲಿ ಸಾಂಬಾರು, ಅಥವಾ ಸಬ್ಬಸಿಗೆ, ಈರುಳ್ಳಿ, ಕ್ಯಾರೆಟ್ ತುರಿ ಬೆರೆತ ಅಕ್ಕಿ ರೊಟ್ಟಿ ಒಳ್ಳೆಯದು.

ಭಾನುವಾರ: ಅಡುಗೆಯ ಆಯ್ಕೆ ಮಕ್ಕಳದು, ಕೆಲಸ ಎಲ್ಲರದು. ಕರಾವಳಿಯ ಮನೆಗಳಲ್ಲಿ ಮಧ್ಯಾಹ್ನ ಬಂಗುಡೆ ಅಥವಾ ಬೂತಾಯಿಯ ಸಾರು. ರಾತ್ರಿಗೆ ತಿಳಿಸಾರು, ಅನ್ನ, ಉಳಿದ ತರಕಾರಿಗಳ ಕೂಟು.

ಪರದೇಶದ ಪೇಟೆ, ಊರಿನ ಪದಾರ್ಥ

ಊರಿನ ಸೊಪ್ಪು ಇಲ್ಲಿ ಸಿಗುವುದಿಲ್ಲವೆಂಬ ದೂರು ಪ್ರತಿ ಮನೆಯಲ್ಲಿಯೂ ಕೇಳಿಬರುತ್ತದೆ. ಅನೇಕ ವೇಳೆ ಪದಾರ್ಥ ಕಣ್ಣೆದುರಿಗೇ ಇದ್ದು ಹೆಸರು ಮಾತ್ರ ಬೇರೆಯಾಗಿರುತ್ತದೆ. ಮುಂಬಯಿ, ಪುಣೆಗಳ ಅಳೂ ಎಂದರೆ ಕೆಸುವಿನ ಎಲೆ, ಲಾಲ್ ಮಾಠ್ ಎಂದರೆ ಕೆಂಪು ಹರಿವೆ, ತೊಂಡ್ಲಿ ಎಂದರೆ ತೊಂಡೆಕಾಯಿ, ಮಟಕಿ ಎಂದರೆ ಮಡಕೆಕಾಳು. ಹೈದರಾಬಾದಿನ ಗೋಂಗೂರ ಉತ್ತರ ಕರ್ನಾಟಕದ ಪುಂಡಿಪಲ್ಯವೇ, ಅಲ್ಲಿನ ಜೊನ್ನ ಜೋಳವೇ. ಚೆನ್ನೈಯ ಮಣತ್ತಕ್ಕಾಳಿ ಹಳೆಯ ಮೈಸೂರಿನ ಗಣಿಕೆ ಸೊಪ್ಪು, ಕೇಳ್ವರಗು ರಾಗಿ. ದಿಲ್ಲಿಯ ಚಳಿಗಾಲವಂತೂ ಮೆಂತ್ಯ, ಪಾಲಕು, ಸಾಸಿವೆ ಸೊಪ್ಪು, ಹಸಿ ಬಟಾಣಿಗಳ ಸುಗ್ಗಿ. ಅಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಸೊಪ್ಪಿನ ದಿನಗಳನ್ನು ಮೂರಕ್ಕೆ ಏರಿಸಬಹುದು. ಮಕ್ಕಳು ಮೆಚ್ಚುವ ರಾಜ್ಮಾವನ್ನು ಮಾಡುವವರು ಒಂದು ಎಚ್ಚರಿಕೆ ವಹಿಸಬೇಕು. ಆ ಕಾಳಿನಲ್ಲಿ ಸಹಜವಾದ ಒಂದು ವಿಷಾಂಶವಿದ್ದು, ಅರೆಬೆಂದರೆ ವಾಂತಿ ಭೇದಿಗೆ ಕಾರಣವಾಗುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿಯಾಗಿ ಬೇಯಿಸಬೇಕು.

ಒಂದೇ ಅಡುಗೆ, ಬೇರೆ ಬೇರೆ ತಟ್ಟೆ

ಮಧುಮೇಹದ ಅಜ್ಜಿಗೆ ಒಂದು, ಖಾರವೊಲ್ಲದ ಮಗುವಿಗೆ ಒಂದು, ಉಳಿದವರಿಗೆ ಒಂದು ಎಂದು ಮೂರು ಅಡುಗೆ ಮಾಡುವ ಮನೆಯಲ್ಲಿ ಯಾವ ಯೋಜನೆಯೂ ನಿಲ್ಲದು. ಅಡುಗೆ ಒಂದೇ ಇರಲಿ, ಬಡಿಸುವ ಪ್ರಮಾಣ ಬೇರೆಯಾಗಲಿ. ಅಜ್ಜಿಯ ತಟ್ಟೆಯ ಅರ್ಧಭಾಗ ಪಲ್ಯ ಕೋಸಂಬರಿ, ಕಾಲು ಭಾಗ ಕಾಳು ಬೇಳೆ, ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ಮುದ್ದೆ. ರಾಗಿಯಿಂದ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ರಾಗಿಯೂ ಧಾನ್ಯವೇ, ಅದಕ್ಕೂ ಮಿತಿಯುಂಟು. ಮಗುವಿನ ಪಾಲನ್ನು ಖಾರ ಬೆರೆಸುವ ಮುನ್ನವೇ ಒಂದು ಸೌಟು ತೆಗೆದಿರಿಸಿದರೆ ಸಾಕು.

ಇಲ್ಲಿ ಪ್ರಾಣಕ್ಕೇ ಸಂಬಂಧಿಸಿದ ಮಾತೊಂದಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟವನ್ನು ತಡಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆ ಸುತ್ತು, ಗಲಿಬಿಲಿಯ ಮಾತು ಇದರ ಲಕ್ಷಣಗಳು. ಮಳೆಗಾಲದ ರಾತ್ರಿ ಗಾಡಿಗಳು ನಿಂತು ಮಗ ಸೊಸೆ ಬರುವುದು ತಡವಾದಾಗ, 'ಅವರು ಬಂದ ಮೇಲೆಯೇ ಉಣ್ಣುತ್ತೇನೆ' ಎಂದು ಕಾಯುವ ತಾಯಂದಿರು ಅನೇಕರು. ಆ ವಾತ್ಸಲ್ಯ ಅವರಿಗೇ ಮುಳುವಾಗುವ ಸಂಭವವಿದೆ. ವೈದ್ಯರು ಹೇಳಿದ ವೇಳೆಗೆ ಅವರು ಉಂಡುಬಿಡತಕ್ಕದ್ದು. ಎಲ್ಲರೂ ಕೂಡಿ ಕುಳಿತಾಗ ಒಂದು ಲೋಟ ಮಜ್ಜಿಗೆ ಹಿಡಿದು ಜೊತೆಗಿದ್ದರೂ ಪಂಕ್ತಿ ಪೂರ್ಣವಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಉಪ್ಪು, ಹಣ್ಣುಗಳ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಉಳಿದ ಅನ್ನದ ಅಪಾಯ

ರಾತ್ರಿ ಉಳಿದ ಅನ್ನವನ್ನು ಕಟ್ಟೆಯ ಮೇಲೆಯೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ರೂಢಿ ಬಹಳ ಮನೆಗಳಲ್ಲಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಸೆಕೆಯ ರಾತ್ರಿಯಲ್ಲಿ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ಆ ವಿಷವು ಮರುದಿನದ ಒಗ್ಗರಣೆಯಿಂದ ನಾಶವಾಗುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖವು ಸೂಕ್ಷ್ಮಜೀವಿಗಳು ವೃದ್ಧಿಯಾಗುವ ವಲಯ. ಆದುದರಿಂದ ಉಳಿಯಬಹುದಾದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ತಾಸಿನೊಳಗಾಗಿ ಶೀತಕಪಾಟಿಗೆ ಸೇರಿಸಬೇಕು. ಮರುದಿನವೇ ಹಬೆಯಾಡುವಂತೆ ಬಿಸಿಮಾಡಿ ಮುಗಿಸಬೇಕು. ಒಮ್ಮೆ ಬಿಸಿಮಾಡಿ ಉಳಿದುದನ್ನು ಮತ್ತೆ ಇಡಬಾರದು.

ಯೋಜನೆ ಯಾರ ಹೊಣೆ?

ಈ ಎಲ್ಲ ವಿಚಾರಗಳನ್ನು ಓದಿ, ಇದೂ ಗೃಹಿಣಿಯ ತಲೆಗೇ ಕಟ್ಟಿದ ಇನ್ನೊಂದು ಹೊರೆಯೆಂದು ಅನಿಸಿದರೆ ಅದು ಸಹಜ. ಭಾರತ ಸರಕಾರದ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ 299 ನಿಮಿಷ ವ್ಯಯಿಸುತ್ತಿದ್ದರೆ, ಅಂಥ ಕೆಲಸದಲ್ಲಿ ಕೈಜೋಡಿಸುವ ಪುರುಷರು ವ್ಯಯಿಸುತ್ತಿದ್ದುದು 97 ನಿಮಿಷ ಮಾತ್ರ. ಒಂದೇ ಗಾಡಿಯಲ್ಲಿ ದಣಿದು ಬಂದ ಇಬ್ಬರಲ್ಲಿ ಒಬ್ಬರು ವೃತ್ತಪತ್ರಿಕೆ ಹಿಡಿದು, ಇನ್ನೊಬ್ಬರು ಒಲೆ ಹಚ್ಚುವುದು ನ್ಯಾಯವಲ್ಲ. ಗೋಡೆಯ ಪಟ್ಟಿಯಲ್ಲಿ ಅಡುಗೆಯ ಹೆಸರಿನ ಪಕ್ಕದಲ್ಲಿ ಮಾಡುವವರ ಹೆಸರೂ ಇರಬೇಕು. ಪೇಟೆಯ ಚೀಲ ಹಾಗೂ ವಾರಕ್ಕೆರಡು ಅಡುಗೆ ಪತಿಯದು. ತಟ್ಟೆ ಇಡುವುದು, ನೀರು ತುಂಬುವುದು, ಬಟಾಣಿ ಸುಲಿಯುವುದು ಮಕ್ಕಳದು. ಸೊಪ್ಪು ಬಿಡಿಸುವ ಕೆಲಸವನ್ನು ಅಜ್ಜಿಯೇ ಕೇಳಿ ಪಡೆಯುತ್ತಾರೆ. ಪಟ್ಟಿ ಒಬ್ಬರ ತಲೆಯಲ್ಲಿದ್ದರೆ ಅದು ಚಿಂತೆ. ಗೋಡೆಯ ಮೇಲಿದ್ದರೆ ಅದು ವ್ಯವಸ್ಥೆ.

ಏಳು ರಾತ್ರಿಗಳೂ ಯೋಜನೆಯಂತೆ ನಡೆಯಬೇಕೆಂಬ ಹಟ ಬೇಡ. ಮೊದಲ ತಿಂಗಳಲ್ಲಿ ನಾಲ್ಕು ರಾತ್ರಿ ನಡೆದರೂ ಅದು ಜಯವೇ. ಒಂದು ರಾತ್ರಿ ಹೊರಗಿನ ಊಟವಾದರೆ ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡರಾಯಿತು. ಆದರೆ ಕೂಡಿ ಕುಳಿತ ಅರ್ಧ ತಾಸಿನಲ್ಲಿ ದೂರದರ್ಶನವೂ ಕೈಯ ಫೋನುಗಳೂ ಮೌನವಾಗಿರಬೇಕೆಂಬ ನಿಯಮವನ್ನು ಸಡಿಲಿಸಬಾರದು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿಯೋ ಹಿಂದಿಯೋ ತಮಿಳೋ ಆಡುವ ಮಗುವಿಗೆ ತಂಬುಳಿ, ಗೊಜ್ಜು, ಹುಳಿ, ಕೂಟು ಎಂಬ ಮಾತುಗಳು ದೊರೆಯುವುದು ಈ ಪಂಕ್ತಿಯಲ್ಲಿಯೇ. 'ಇನ್ನಷ್ಟು ಬಡಿಸಲೇ?', 'ಸಾಕು' ಎಂಬ ಎರಡು ಮಾತುಗಳಿಂದ ಆರಂಭವಾದ ಕನ್ನಡ, ಅಜ್ಜಿಯ ಊರಿನ ಕಥೆಯವರೆಗೆ ತಾನಾಗಿಯೇ ಸಾಗುತ್ತದೆ. ಊಟ ಬಲ್ಲವರನ್ನೂ ಮಾತು ಬಲ್ಲವರನ್ನೂ ಒಟ್ಟಿಗೆ ಬೆಳೆಸುವ ಈ ಅರ್ಧ ತಾಸನ್ನು ಉಳಿಸಿಕೊಳ್ಳಲು ಬೇಕಾದುದು ಗೋಡೆಯ ಮೇಲೊಂದು ಪಟ್ಟಿ, ಭಾನುವಾರದ ಎರಡು ತಾಸು, ಮತ್ತು ಮನೆಮಂದಿಯೆಲ್ಲರ ಕೈ. ಇಷ್ಟನ್ನು ಬರುವ ಸೋಮವಾರದಿಂದಲೇ ಆರಂಭಿಸಲು ಯಾವ ಮನೆಗೂ ಅಡ್ಡಿಯಿಲ್ಲ.